ಹನ್ನೆರಡು ಪಟದ ಸಂತೆ

ಅಪ್ಪನ ಟ್ರಂಕಿನಲ್ಲಿ ಸಿಕ್ಕ ಆಗ್ಫಾ ಕ್ಲಿಕ್–3 ಕ್ಯಾಮೆರಾಕ್ಕೆ ತಿಳಿದಿರುವುದು ಎರಡೇ ಸಂಗತಿ: ಬಿಸಿಲು ಮತ್ತು ಮೋಡ. ಮಾಸೂರಿನ ಕಟ್ಟೆಗಳ ಮೇಲೆ ಕೂತವರ ಮಾತೂ ಬಹುಮಟ್ಟಿಗೆ ಇವೆರಡರ ಸುತ್ತಲೇ ತಿರುಗುವುದರಿಂದ ಇದು ನಮ್ಮೂರಿಗೆ ಹೇಳಿ ಮಾಡಿಸಿದ ಪೆಟ್ಟಿಗೆ. ಮೋಡ ಎದ್ದು ಕಾಣಲೆಂದು ಹಳದಿ ಗಾಜೊಂದಿದೆ. ಅದನ್ನು ಎಷ್ಟು ಸಲ ಹಾಕಿದರೂ ಮಳೆಯೇನೂ ಬರಲಿಲ್ಲ.

120ರ ರೋಲು ಹಾಕಿದರೆ ಹನ್ನೆರಡೇ ಪಟ. ಈಗ ಒಂದು ರೋಲಿನ ದುಡ್ಡಿನಲ್ಲಿ ಮನೆಯ ವಾರದ ಸಂತೆ ಮುಗಿಯುತ್ತದೆ. ಹಾಗಾಗಿ ಸಂತೆಗೆ ಹೊರಟಾಗ ಹೆಂಡತಿ ಚೀಲವನ್ನೂ ನೋಡಿದಳು, ಹೆಗಲಿನ ಕ್ಯಾಮೆರಾವನ್ನೂ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ನನ್ನ ಆಸೆ ದೊಡ್ಡದೇನಲ್ಲ. ಜನರಿಗೆ ಗೊತ್ತಾಗದ ಹಾಗೆ, ಅವರು ಇದ್ದ ಹಾಗೇ ಹಿಡಿಯಬೇಕು. ಫ್ರಾನ್ಸಿನ ಕಾರ್ಟಿಯೆ–ಬ್ರೆಸೋನ್ ತನ್ನ ಲೈಕಾದ ಹೊಳಪು ಕಾಣದಿರಲೆಂದು ಕಪ್ಪು ಟೇಪು ಸುತ್ತುತ್ತಿದ್ದನಂತೆ. ಪ್ಯಾರಿಸ್ಸಿನಲ್ಲಿ ಅದು ನಡೆಯುತ್ತದೆ. ಮಾಸೂರಿನಲ್ಲಿ ಕ್ಯಾಮೆರಾಕ್ಕೆ ಕಂಬಳಿ ಹೊದಿಸಿದರೂ, ಅದನ್ನು ಹೊತ್ತವನು ಯಾರ ಮಗ ಎಂಬುದು ಬಾಳೆಹಣ್ಣಿನವನಿಂದ ಹಿಡಿದು ಎಲ್ಲರಿಗೂ ಗೊತ್ತು. ಮೊದಲ ಪಟಕ್ಕೆ ಮೆಣಸಿನಕಾಯಿ ರಾಶಿಯ ಹಿಂದಿನ ಅಜ್ಜನ ಮೇಲೆ ಕಣ್ಣಿಟ್ಟೆ.

‘ತಡಿಯೋ ತಮ್ಮಾ, ರುಮಾಲು ಸುತ್ಕಂತೀನಿ.’

ಸುತ್ತಿಕೊಂಡ. ಪಕ್ಕದವನ ಕೈಗಡಿಯಾರ ಬೇರೆ ಇಸಿದುಕೊಂಡು ಕಟ್ಟಿದ. ಆಮೇಲೆ ಉಸಿರು ಬಿಗಿಹಿಡಿದು, ನಡುಮನೆಯ ಗೋಡೆಯ ಮೇಲೆ ಈಗಾಗಲೇ ಕುಂಕುಮ ಹಚ್ಚಿಸಿಕೊಂಡು ಕೂತವನಂತೆ ನಿಂತ. ರುಮಾಲಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಸುತ್ತುವಾಗಿನ ಅವನ ಮುಖವೇ ನನಗೆ ಬೇಕಾಗಿದ್ದದ್ದು. ಅಷ್ಟರಲ್ಲಿ ಅದು ಹೋಗಿತ್ತು. ಹತ್ತಡಿಗಿಂತ ಹತ್ತಿರದ್ದೆಲ್ಲ ಈ ಕ್ಯಾಮೆರಾಕ್ಕೆ ಮಸುಕು. ಸಂತೆಯಲ್ಲಿ ಹತ್ತಡಿ ಖಾಲಿ ಜಾಗ ಬಿಟ್ಟರೆ ನಡುವೆ ಒಬ್ಬ ಅಂಗಡಿಯನ್ನೇ ಹೂಡುತ್ತಾನೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೇಶವೆಲ್ಲ ತಿರುಗಿ ಜನಸಾಮಾನ್ಯರನ್ನು, ಅದರಲ್ಲೂ ಮಕ್ಕಳನ್ನು, ಕಪ್ಪು–ಬಿಳುಪಿನಲ್ಲಿ ಹಿಡಿದವರು. 1977ರಲ್ಲಿ ಪದ್ಮಶ್ರೀಯೂ ಬಂತು. ಅವರ ಪಟದ ಜನ ಕ್ಯಾಮೆರಾವನ್ನು ಮರೆತೇ ಬಿಟ್ಟಂತಿರುತ್ತಾರೆ. ಎಷ್ಟು ಹೊತ್ತು ಸುಮ್ಮನೆ ಕೂತರೆ ಜನ ಮರೆಯುತ್ತಾರೋ! ನಾನು ಒಂದು ಗಂಟೆ ಕೂತೆ. ಮೂವರು ಬಂದು ರೇಷನ್ ಕಾರ್ಡಿನ ಫೋಟೋಕ್ಕೆ ಎಷ್ಟು ಎಂದು ಕೇಳಿದರು.

ಈ ಕೆಲಸದಲ್ಲಿ ನಮ್ಮೂರಿಗೆ ಹಿರಿಯನೊಬ್ಬನಿದ್ದಾನೆ. ಸರ್ವಜ್ಞ ಮಾಸೂರಿನ ಬಸವರಸನ ಮಗನೆಂದು ಪ್ರತೀತಿ. ತಾಯಿಯ ಊರು ಅಬಲೂರು. ಊರೂರು ಅಲೆದು, ಕಂಡವರನ್ನು ಕಂಡ ಹಾಗೇ ಮೂರು ಸಾಲಿನ ಚೌಕಟ್ಟಿನಲ್ಲಿ ಕೂರಿಸಿದ. ಯಾರಿಗೂ ರುಮಾಲು ಸುತ್ತಿಕೊಳ್ಳಲು ಪುರಸೊತ್ತು ಕೊಡಲಿಲ್ಲ. ರೋಲಿನ ಖರ್ಚೂ ಇರಲಿಲ್ಲ.

ನಾಲ್ಕು ಪಟ ಮದಗದ ಕೆರೆಗೆ ಹೋದವು. ಎರಡು ಗುಡ್ಡಗಳ ನಡುವೆ ಕುಮುದ್ವತಿಯನ್ನು ಕಟ್ಟಿಹಾಕಿದ ಕೆರೆ ಅದು. ಜನಪದ ಹಾಡಿನ ಮದಗ ನಮ್ಮದೇ ಎಂದು ನಾವು, ತಮ್ಮದೆಂದು ಕಡೂರು ಕಡೆಯವರು. ನೀರು ತುಂಬಿದ ವರ್ಷ ಈ ವಾದಕ್ಕೆ ಕಳೆ ಹೆಚ್ಚು. ಕೆರೆ ಮಾತ್ರ ರುಮಾಲು ಕೇಳಲಿಲ್ಲ. ಆದರೂ ಆ ನಾಲ್ಕೂ ಕ್ಯಾಲೆಂಡರಿನ ಹಾಗೆ ಬಂದವು, ಬೇಜಾರಾಯಿತು.

ರೋಲು ತೊಳೆಸಲು ದೂರದ ಊರಿಗೆ ಕಳಿಸಬೇಕಾಯಿತು. ಪೇಟೆಯ ಸ್ಟುಡಿಯೋ ಒಂದರ ಹುಡುಗ ಅದನ್ನು ಕೈಯಲ್ಲಿ ಹಿಡಿದು, ಇದಕ್ಕೆ ಚಾರ್ಜರ್ ಎಲ್ಲಿ ಹಾಕೋದು ಸಾರ್ ಎಂದಿದ್ದ. ಮೂರು ವಾರದ ಮೇಲೆ ಬಂದ ಪಟಗಳಲ್ಲಿ ಒಂದು ನನ್ನ ಪೆದ್ದತನದ್ದು. ರೋಲು ಸುತ್ತಿದ್ದೀಯೋ ಇಲ್ಲವೋ ಎಂದು ಈ ಕ್ಯಾಮೆರಾ ಕೇಳುವುದಿಲ್ಲ, ಗುಂಡಿ ಒತ್ತಿದರೆ ಒತ್ತಿಸಿಕೊಳ್ಳುತ್ತದೆ. ರಸ್ತೆ ಮೇಲೆ ಹರವಿದ ಗೋವಿನಜೋಳಕ್ಕೆ ಬಾಯಿ ಹಾಕುತ್ತಿದ್ದ ಎತ್ತಿನ ಮೇಲೆಯೇ, ಸುತ್ತುವುದು ಮರೆತು, ಬಳೆಗಾರ ಮುದುಕನನ್ನೂ ಹೊಡೆದಿದ್ದೆ. ಅವನ ರುಮಾಲಿನಿಂದ ಎರಡು ಕೋಡು ಎದ್ದಿದ್ದವು.

ಮುಚ್ಚಿಡಬೇಕೆಂದಿದ್ದೆ. ಆದರೆ ಮುಂದಿನ ಸಂತೆಯಲ್ಲಿ ಅವನೇ ಕೂಗಿ ಕರೆದು ಕೇಳಿದ. ಹೆದರುತ್ತಲೇ ಕೊಟ್ಟೆ. ಮುದುಕ ಪಟವನ್ನು ಬಿಸಿಲಿಗೆ ಹಿಡಿದ, ದೂರ ಮಾಡಿದ, ಹತ್ತಿರ ತಂದ. ತನ್ನ ಮುಖದ ಕಡೆ ನೋಡಲೇ ಇಲ್ಲ.

‘ಕೋಡು ಚಲೋ ಅದಾವು. ಎತ್ತು ಯಾರ್ದೋ ತಮ್ಮಾ? ಇದರ ಜೋಡಿ ಎಲ್ಲೈತಿ?’