ನೈತಿಕ ಸಮಿತಿಯ ಖಾಲಿ ಹುದ್ದೆಗೆ ಅರ್ಜಿ

ಗೆ,
ಕೃತಕ ಬುದ್ಧಿಮತ್ತೆ ತಯಾರಿಸುವ ಸಮಸ್ತ ಕಂಪನಿಗಳ ಮಾನ್ಯ ಮುಖ್ಯಸ್ಥರು,
ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಸುತ್ತಮುತ್ತಲ ಹೋಬಳಿಗಳು.

ವಿಷಯ: ತಮ್ಮ ನೈತಿಕ ಸಲಹಾ ಸಮಿತಿಗೆ ನನ್ನನ್ನು ಸದಸ್ಯನನ್ನಾಗಿ ನೇಮಿಸಿಕೊಳ್ಳುವ ಬಗ್ಗೆ.
ಉಲ್ಲೇಖ: ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುವ ತಮ್ಮ ಕಳವಳ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದು ನಿವೃತ್ತನಾದವನು. ಕಂಪ್ಯೂಟರಿನ ಒಳಗುಟ್ಟು ನನಗೆ ಗೊತ್ತಿಲ್ಲ. ಸಮಿತಿಗಳ ಒಳಗುಟ್ಟು ಚೆನ್ನಾಗಿ ಗೊತ್ತು. ನೀತಿಯ ಹೆಸರಿನಲ್ಲಿ ತಾವು ನಡೆಸುತ್ತಿರುವ ಕಾರ್ಯಕಲಾಪಗಳನ್ನು ಓದುತ್ತಾ ಓದುತ್ತಾ, ಅರೆ, ಇದು ನಮ್ಮ ಕಚೇರಿಯೇ ಅಲ್ಲವೇ ಅನ್ನಿಸಿ ಈ ಅರ್ಜಿ ಹಾಕುತ್ತಿದ್ದೇನೆ.

ಆದರೆ ನಮ್ಮ ಕಚೇರಿಗೆ ತಮ್ಮ ಚುರುಕು ಎಲ್ಲಿಂದ ಬರಬೇಕು? ಗೂಗಲ್‌ನವರು 2019ರ ಮಾರ್ಚ್ 26ರಂದು ಎಂಟು ಮಂದಿಯ ಸಲಹಾ ಮಂಡಳಿ ಘೋಷಿಸಿದರು. ಆ ವರ್ಷ ನಾಲ್ಕು ಸಭೆ ಎಂದು ನಿಗದಿಯಾಯಿತು. ಸದಸ್ಯರ ಆಯ್ಕೆ ಸರಿಯಿಲ್ಲವೆಂದು ಅವರ ನೌಕರರೇ ತಕರಾರು ತೆಗೆದರು. ಏಪ್ರಿಲ್ 4ಕ್ಕೆ ಮಂಡಳಿ ಬರಖಾಸ್ತು. ಒಂದು ಸಭೆ ನಡೆಯಲಿಲ್ಲ, ಒಂದು ಲೋಟ ಚಹಾ ಖರ್ಚಾಗಲಿಲ್ಲ. ನಮ್ಮಲ್ಲಿ ಒಂದು ಸಮಿತಿಗೆ ಮಂಗಳ ಹಾಡಬೇಕಾದರೆ ಮೊದಲು ಅದರ ಅವಧಿಯನ್ನು ಎರಡು ಮೂರು ಸಲವಾದರೂ ವಿಸ್ತರಿಸಬೇಕು, ಸ್ವಾಮಿ.

ಓಪನ್‌ಎಐನವರು 2023ರ ಜುಲೈನಲ್ಲಿ, ಯಂತ್ರ ಮನುಷ್ಯನ ಕೈ ಮೀರದಂತೆ ನೋಡಿಕೊಳ್ಳಲೆಂದು ಒಂದು ತಂಡ ಕಟ್ಟಿ, ತಮ್ಮಲ್ಲಿದ್ದ ಗಣನಶಕ್ತಿಯಲ್ಲಿ ಶೇ. 20 ಅದಕ್ಕೆ ಮೀಸಲು ಎಂದರು. ಮರುವರ್ಷ ಮೇ ತಿಂಗಳಿಗೆ ತಂಡವೇ ಇಲ್ಲ. ಅನುದಾನ ಘೋಷಣೆಯಾಗಿದೆ, ಖರ್ಚು ಮಾಡಲು ಶಾಖೆಯಿಲ್ಲ. ಓದಿ ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಅದೇ 2023ರ ಮಾರ್ಚ್‌ನಲ್ಲಿ, ಜಿಪಿಟಿ-4ಕ್ಕಿಂತ ಬಲವಾದ ಯಂತ್ರಗಳ ತರಬೇತಿಯನ್ನು ಆರು ತಿಂಗಳು ನಿಲ್ಲಿಸಿ ಎಂಬ ಬಹಿರಂಗ ಪತ್ರಕ್ಕೆ ಸಹಿ ಹಾಕಿದವರಲ್ಲಿ ಎಲಾನ್ ಮಸ್ಕ್ ಸಾಹೇಬರೂ ಇದ್ದರು. ಜುಲೈನಲ್ಲಿ ಅವರು ತಮ್ಮದೇ ಎಐ ಕಂಪನಿ ಘೋಷಿಸಿದರು. ಉಳಿದವರೆಲ್ಲ ನಿಂತರೆ ತಾನೇ ಹಿಂದಿದ್ದವರು ಬಂದು ಸೇರಿಕೊಳ್ಳುವುದು!

ಅಪಾಯವಿದೆ ಎಂದು ನಿಜವಾಗಿಯೂ ಟಿಪ್ಪಣಿ ಬರೆದವರ ಗತಿಯನ್ನೂ ಗಮನಿಸಿದ್ದೇನೆ. ಭಾಷಾ ಮಾದರಿಗಳ ಅಪಾಯಗಳ ಕುರಿತ ಪ್ರಬಂಧದ ವಿಚಾರದಲ್ಲಿ ಜಗಳವಾಗಿ, ಸಂಶೋಧಕಿ ಟಿಮ್ನಿಟ್ ಗೆಬ್ರು 2020ರ ಡಿಸೆಂಬರ್‌ನಲ್ಲಿ ಗೂಗಲ್‌ನಿಂದ ಹೊರಬಿದ್ದರು. ರಾಜೀನಾಮೆ ಅಂಗೀಕರಿಸಿದ್ದೇವೆ ಎಂದು ಕಂಪನಿ. ನಾನು ಕೊಟ್ಟೇ ಇಲ್ಲ, ತೆಗೆದುಹಾಕಿದರು ಎಂದು ಆಕೆ. ಕೊಡದ ರಾಜೀನಾಮೆಯನ್ನು ಅಂಗೀಕರಿಸುವ ಕಲೆ ನಮ್ಮ ತಹಸೀಲ್ದಾರರಿಗೂ ಸಿದ್ಧಿಸಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಷರಾ ಬರೆಯದಿದ್ದರೆ ಗುಮಾಸ್ತನ ಕೈ ಕೇಳುವುದಿಲ್ಲ. ಯಂತ್ರವು ಮುಂದೊಂದು ದಿನ ಮನುಕುಲವನ್ನೇ ಅಳಿಸೀತೇ ಎಂದು ತಾವು ಚರ್ಚಿಸುತ್ತೀರಿ. ಚರ್ಚೆಯಾಗಲಿ, ಬೇಡವೆನ್ನಲಾರೆ. ಆದರೆ ನನ್ನ ಕಿಟಕಿಗೆ ಮನುಕುಲ ಒಟ್ಟಾಗಿ ಬಂದದ್ದೇ ಇಲ್ಲ. ಒಬ್ಬೊಬ್ಬರಾಗಿಯೇ ಬರುತ್ತಿದ್ದರು.

ನೆದರ್ಲೆಂಡ್ಸ್‌ನಲ್ಲೂ ಹಾಗೆಯೇ ಬಂದರು. ಅಲ್ಲಿನ ತೆರಿಗೆ ಇಲಾಖೆ, ಶಿಶುಪಾಲನೆಗೆ ಕೊಡುವ ಸಹಾಯಧನದಲ್ಲಿ ವಂಚಕರನ್ನು ಹಿಡಿಯಲು 2013ರಿಂದ ಯಂತ್ರದ ಕೈಯಲ್ಲಿ ಅಂಕ ಹಾಕಿಸಿತು. ಅರ್ಜಿದಾರರು ಡಚ್ ಪ್ರಜೆಯಲ್ಲದಿದ್ದರೆ ಅಪಾಯದ ಅಂಕ ಏರುತ್ತಿತ್ತು. ಅಂಕ ಏರಿದ ಕಡತ ನೌಕರನ ಮೇಜಿಗೆ ಬರುತ್ತಿತ್ತು. ಯಾಕೆ ಏರಿತು ಎಂಬುದನ್ನು ಯಂತ್ರ ಆ ನೌಕರನಿಗೂ ಹೇಳುತ್ತಿರಲಿಲ್ಲ. ಆಮೇಲೆ ಒಂದು ಸಹಿ ಬಿಟ್ಟುಹೋಗಿದ್ದರೂ ಸಾಕು, ಇಡೀ ಸಹಾಯಧನ ವಾಪಸು ಕಟ್ಟಬೇಕು, ಹತ್ತಾರು ಸಾವಿರ ಯೂರೋ. ಸಾವಿರಾರು ಕುಟುಂಬಗಳು ಸಾಲಕ್ಕೆ ಬಿದ್ದವು, ಕೆಲವರ ಮನೆಯೂ ಹೋಯಿತು. 2021ರ ಜನವರಿ 15ರಂದು ಇಡೀ ಮಂತ್ರಿಮಂಡಲ ಹೊಣೆ ಹೊತ್ತು ರಾಜೀನಾಮೆ ಕೊಟ್ಟಿತು. ಮುಂದೆ ಚುನಾವಣೆ ನಡೆದು ಅದೇ ಮಾರ್ಕ್ ರುಟ್ಟೆ ಅದೇ ಪ್ರಧಾನಿ ಕುರ್ಚಿಯಲ್ಲಿ ಕೂತರು. ಯಂತ್ರದ ಮೇಲೆ ಇಲಾಖಾ ವಿಚಾರಣೆ ನಡೆಸಲು ಬರುವುದಿಲ್ಲವಲ್ಲ.

ಆಸ್ಟ್ರೇಲಿಯಾ ಸರ್ಕಾರದ ರೋಬೋಡೆಟ್ ಎಂಬ ಭತ್ಯೆ ವಸೂಲಿ ವ್ಯವಸ್ಥೆಯಲ್ಲಿ ಬುದ್ಧಿಮತ್ತೆಯೂ ಇರಲಿಲ್ಲ, ಬರೀ ಭಾಗಾಕಾರ. ವರ್ಷದ ಸಂಪಾದನೆಯನ್ನು 26ರಿಂದ ಭಾಗಿಸಿ, ಪ್ರತಿ ಎರಡು ವಾರಕ್ಕೂ ಇಷ್ಟಿಷ್ಟು ಗಳಿಸಿದ್ದೀಯ, ಪಡೆದ ಭತ್ಯೆ ಹಿಂದಿರುಗಿಸು ಎಂದು ಲಕ್ಷಗಟ್ಟಲೆ ಜನಕ್ಕೆ ನೋಟಿಸು ಹೋಯಿತು. ಆರು ತಿಂಗಳು ದುಡಿದು ಆರು ತಿಂಗಳು ಖಾಲಿ ಕೂತವನೂ ಸುಳ್ಳುಗಾರನಾದ. ತಾನು ಸುಳ್ಳುಗಾರನಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಅವನದೇ.

ನಮ್ಮ ತಾಲ್ಲೂಕಿನಲ್ಲಿ ಒಬ್ಬ ಅಜ್ಜಿ ಇದ್ದಳು. ಪಹಣಿಯಲ್ಲಿ ಸಿದ್ದಮ್ಮ, ಆಧಾರ್‌ನಲ್ಲಿ ಸಿದ್ಧಮ್ಮ. ಒಂದು ಒತ್ತಕ್ಷರದ ಹೊಟ್ಟೆ ಸೀಳಿದ್ದಕ್ಕೆ ಬೆಳೆ ಪರಿಹಾರದ ಹಣ ನಿಂತಿತು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಕಿಟಕಿಯ ಕಟ್ಟೆ ಮೇಲೆ ಹರಡಿ, 'ಎರಡೂ ನಾನೇ ಕಣಪ್ಪ, ಮುಖ ನೋಡಿ ಹೇಳು' ಅನ್ನುತ್ತಿದ್ದಳು. 'ಸಿಸ್ಟಂ ತಗೊಳ್ತಿಲ್ಲ ಅಜ್ಜಿ' ಅನ್ನುತ್ತಿದ್ದೆವು. ಈ ಮಾತನ್ನು ಕಂಡುಹಿಡಿದವರು ನಾವು. ತಾವು ಅದನ್ನೇ ದೊಡ್ಡ ಉದ್ಯಮ ಮಾಡಿದಿರಿ. ಆದರೂ ಅಜ್ಜಿಗೆ ಬಡಿಯಲು ಒಂದು ಕಿಟಕಿ ಇತ್ತು, ಶಾಪ ಹಾಕಲು ನನ್ನ ಮುಖ ಇತ್ತು, ನನ್ನ ಮೇಲೆ ತಹಸೀಲ್ದಾರರು, ಅವರ ಮೇಲೆ ಎ.ಸಿ., ಡಿ.ಸಿ. ಇದ್ದರು. ತಮ್ಮ ಯಂತ್ರ ಸಾಲ ಕೊಡಬೇಡ, ಕೆಲಸಕ್ಕೆ ಕರೆಯಬೇಡ ಎಂದರೆ ಸಿದ್ದಮ್ಮನ ಮೊಮ್ಮಗ ಯಾವ ಕಿಟಕಿ ಬಡಿಯಬೇಕು?

ಆದ್ದರಿಂದ ನನ್ನ ಸೇವಾ ಷರತ್ತುಗಳು ಹೀಗಿವೆ. ಕಡತದ ಮೇಲೆ ನಾನು 'ತಡೆಹಿಡಿಯಿರಿ' ಎಂದು ಬರೆದರೆ ಅದು ನಿಲ್ಲಬೇಕು. ಸಲಹೆಯನ್ನು ಗಮನಿಸಲಾಗಿದೆ ಎಂಬ ಹಿಂಬರಹ ನನಗೆ ಬೇಡ, ಅದನ್ನು ನಾನೇ ಎಷ್ಟೋ ಬರೆದಿದ್ದೇನೆ. ಎರಡನೆಯದಾಗಿ, ಕರ್ನಾಟಕದ ಸಕಾಲ ಕಾಯ್ದೆಯನ್ನು ತಮ್ಮಲ್ಲಿಯೂ ಜಾರಿ ಮಾಡಬೇಕು. ಅರ್ಜಿಗೆ ಒಂದು ಸಂಖ್ಯೆ, ಉತ್ತರಕ್ಕೆ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅಧಿಕಾರಿಯ ಜೇಬಿನಿಂದ. (ಎಷ್ಟು ಜನಕ್ಕೆ ಸಿಕ್ಕಿದೆ ಎಂದು ಮಾತ್ರ ಕೇಳಬೇಡಿ.) ತಮ್ಮ ಅಂತಸ್ತು ನೋಡಿದರೆ ಆ 500ರ ಮಿತಿ ಇಡುವುದು ಅವಮಾನವಾದೀತು, ಅದನ್ನು ತೆಗೆದುಬಿಡಿ. ಮತ್ತೆ, ಸಮಿತಿಯಲ್ಲಿ ನನ್ನ ಪಕ್ಕದ ಕುರ್ಚಿ ನೈರೋಬಿಯ ಕೆಲಸಗಾರರಲ್ಲಿ ಒಬ್ಬರಿಗೆ. ಚಾಟ್‌ಜಿಪಿಟಿ ಸಭ್ಯವಾಗಿ ಮಾತಾಡಲೆಂದು, ಗಂಟೆಗೆ ಎರಡು ಡಾಲರಿಗೂ ಕಡಿಮೆ ಕೈಗೆ ಬರುವ ಕೂಲಿಗೆ ಕೊಲೆ, ಅತ್ಯಾಚಾರಗಳ ವಿವರವನ್ನು ದಿನವಿಡೀ ಓದಿ ಗುರುತು ಹಾಕಿದವರು ಅವರು. ನೀತಿಶಾಸ್ತ್ರದ ಪ್ರಾಧ್ಯಾಪಕರಿಗಿಂತ ಅವರಿಗೆ ಹೇಳಲು ಹೆಚ್ಚು ವಿಷಯ ಇರುತ್ತದೆ.

ಇವು ಒಪ್ಪಿಗೆಯಾದರೆ ಆದೇಶ ಕೈಸೇರಿದ ದಿನವೇ ಹೊರಡುತ್ತೇನೆ. ಒಪ್ಪಿಗೆಯಾಗದೆಯೂ ನೇಮಿಸಿಕೊಳ್ಳುವ ಮನಸ್ಸಾದರೆ, ಗೆಬ್ರು ಅವರ ವಿಷಯದಲ್ಲಿ ಆದಂಥ ಗೊಂದಲ ಮತ್ತೆ ಬೇಡವೆಂದು ಬೇಕಾದ ಕಾಗದವನ್ನು ಮುಂಚಿತವಾಗಿಯೇ ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ನಿವೃತ್ತ ಪ್ರ.ದ.ಸ., ತಾಲ್ಲೂಕು ಕಚೇರಿ.

ಲಗತ್ತು: ಸ್ವವಿವರ, ಎರಡು ಭಾವಚಿತ್ರ, ಹಾಗೂ ದಿನಾಂಕದ ಜಾಗ ಖಾಲಿ ಬಿಟ್ಟು ಸಹಿ ಹಾಕಿದ ರಾಜೀನಾಮೆ ಪತ್ರ.