ಮುದಿ ಪವರ್‌ಪಿಸಿಗೆ ಹೊಸ ಲಿನಕ್ಸ್: ಬಳಕೆದಾರರ ಕೈಪಿಡಿ

ಈ ಕೈಪಿಡಿಯನ್ನು ಪೂರ್ತಿ ಓದಿ ಮುಗಿಸಿದ ಬಳಿಕವೇ ಪ್ಲಗ್ಗನ್ನು ಸಾಕೆಟ್ಟಿಗೆ ಸಿಕ್ಕಿಸತಕ್ಕದ್ದು. ಓದಿದ ಮೇಲೆ ಸಿಕ್ಕಿಸುವ ಮನಸ್ಸೇ ಉಳಿಯದಿದ್ದರೆ ಕೈಪಿಡಿ ತನ್ನ ಕರ್ತವ್ಯವನ್ನು ಸರಿಯಾಗಿ ನಿಭಾಯಿಸಿದೆ ಎಂದು ತಿಳಿಯತಕ್ಕದ್ದು.

ಪೆಟ್ಟಿಗೆಯಲ್ಲಿ ಇರುವುದು. ಆಪಲ್‌ನ ಮ್ಯಾಕ್ ಮಿನಿ ಜಿ4, ಒಂದು. ಆರೂವರೆ ಇಂಚಿನ ಚೌಕ, ಎರಡು ಇಂಚು ಎತ್ತರ. ಒಳಗಿನ ಚಿಪ್ಪು ಪವರ್‌ಪಿಸಿ. ಆಪಲ್, ಐಬಿಎಂ, ಮೊಟೊರೊಲಾ ಮೂರೂ 1991ರಲ್ಲಿ ಕೈಜೋಡಿಸಿ ಹುಟ್ಟುಹಾಕಿದ ವಂಶದ್ದು. ಮಿನಿ ಪೇಟೆಗೆ ಬಂದದ್ದು 2005ರ ಜನವರಿಯಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ವೇದಿಕೆ ಹತ್ತಿ, ಇನ್ನು ಮುಂದೆ ನಮ್ಮದೆಲ್ಲ ಇಂಟೆಲ್ ಎಂದು ಸಾರಿದರು. ಈ ಚಿಪ್ಪಿಗೆ ಆಪಲ್ ಕೊಟ್ಟ ಕೊನೆಯ ಆವೃತ್ತಿ 2007ರ ಲೆಪರ್ಡ್. ಅಲ್ಲಿಂದಾಚೆಗೆ ಯಂತ್ರ ಅನಾಥ.

ಪೆಟ್ಟಿಗೆಯಲ್ಲಿ ಇಲ್ಲದಿರುವುದು: ಕಾರಣ. ಅಂಗೈಯಗಲದ ರಾಸ್ಪ್‌ಬೆರಿ ಪೈ ಇದಕ್ಕಿಂತ ವೇಗವಾಗಿ ಓಡುತ್ತದೆ, ಕರೆಂಟನ್ನೂ ಕಡಿಮೆ ಕುಡಿಯುತ್ತದೆ. ಹಾಗಾದರೆ ಇದೇಕೆ ಎಂದು ಮನೆಯವರು ಪ್ರಶ್ನೆ ಕೇಳಿದರೆ ಎರಡು ಉತ್ತರಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಒಂದು, ಇದೇ ವಂಶದ ಹಳೆಯ ಜಿ3 ಚಿಪ್ಪಿನ ವಿಕಿರಣ ತಾಳಿಕೊಳ್ಳುವ ರೂಪವೇ ಮಂಗಳ ಗ್ರಹದಲ್ಲಿ ಕ್ಯೂರಿಯಾಸಿಟಿ ಮತ್ತು ಪರ್ಸಿವಿಯರೆನ್ಸ್ ಗಾಡಿಗಳ ತಲೆಯೊಳಗಿದೆ. ಎರಡು, ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರೇ ಒಂದು ಕಾಲಕ್ಕೆ ಜಿ5 ಮ್ಯಾಕ್‌ನಲ್ಲಿ ಲಿನಕ್ಸ್ ಹಾಕಿಕೊಂಡು ಅದನ್ನೇ ತಮ್ಮ ಮುಖ್ಯ ಯಂತ್ರವಾಗಿ ಬಳಸಿದ್ದರು. ಎರಡೂ ಸತ್ಯ. ಯಾವುದೂ ಮನೆಯವರ ಪ್ರಶ್ನೆಗೆ ಉತ್ತರವಲ್ಲ.

ಬಿಚ್ಚುವ ಕ್ರಮ. ಹೊರಗೆ ಎಲ್ಲೂ ಸ್ಕ್ರೂ ಕಾಣದು, ಹುಡುಕಬೇಡಿ. ಪೇಂಟರುಗಳು ಗೋಡೆಗೆ ಪುಟ್ಟಿ ಹಚ್ಚುವ ತೆಳ್ಳನೆಯ ಬ್ಲೇಡನ್ನು ತಂದು, ಯಂತ್ರವನ್ನು ತಲೆಕೆಳಗು ಮಾಡಿ, ಅಂಚಿನ ಸಂದಿಗೆ ತೂರಿಸಿ ಮೀಟತಕ್ಕದ್ದು. ಇದು ತಮಾಷೆಯಲ್ಲ, ಅಧಿಕೃತವಾಗಿ ರಿಪೇರಿ ಮಾಡುವವರೂ ಹೀಗೆಯೇ ತೆಗೆಯುತ್ತಿದ್ದರು. ಏನೋ ಮುರಿದಂತೆ ಸದ್ದು ಬರುತ್ತದೆ. ಮುರಿದಿರುವುದಿಲ್ಲ, ಸಾಮಾನ್ಯವಾಗಿ. ಒಳಗೆ ರ್‍ಯಾಮ್‌ಗೆ ಒಂದೇ ಜಾಗ, ಹೆಚ್ಚೆಂದರೆ 1 ಜಿಬಿ. ಪಕ್ಕದಲ್ಲಿ ನಾಣ್ಯದಾಕಾರದ ಸೆಲ್ ಸತ್ತು ಬಿದ್ದಿರುತ್ತದೆ, ಬದಲಿಸಿ. ಈ ಯಂತ್ರದ ಗಡಿಯಾರ ಎಣಿಕೆ ಆರಂಭಿಸುವುದೇ 1904ರ ಜನವರಿ 1ರಿಂದ. ಸೆಲ್ ಇಲ್ಲದಿದ್ದರೆ ತಾರೀಖು ದಶಕಗಳಷ್ಟು ಹಿಂದಕ್ಕೆ ಜಾರಿ, ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟೇ ಇಲ್ಲ ಎಂದು ಯಂತ್ರ ಹಟ ಹಿಡಿಯುತ್ತದೆ.

(ಜಿ5 ಗೋಪುರ ಇಟ್ಟುಕೊಂಡವರಿಗೆ ಪ್ರತ್ಯೇಕ ಸೂಚನೆ: ಅದರಲ್ಲಿ ಒಂಬತ್ತು ಫ್ಯಾನುಗಳಿವೆ. ಅವುಗಳನ್ನು ಹತೋಟಿಯಲ್ಲಿಡುವ ವಿಂಡ್‌ಫಾರ್ಮ್ ಎಂಬ ಕರ್ನೆಲ್ ಭಾಗ ಲೋಡ್ ಆಗದಿದ್ದರೆ ಪಕ್ಕದ ಮನೆಯವರಿಗೆ ಮೊದಲೇ ತಿಳಿಸಿರಿ.)

ಚಾಲೂ ಮಾಡುವುದು. ಕಮಾಂಡ್, ಆಪ್ಷನ್, ಓ, ಎಫ್ ನಾಲ್ಕೂ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಯಂತ್ರವನ್ನು ಎಬ್ಬಿಸಿ. ಬಿಳಿ ಪರದೆಯ ಮೇಲೆ ಓಪನ್ ಫರ್ಮ್‌ವೇರ್ ಕಾಣಿಸಿಕೊಳ್ಳುತ್ತದೆ. ಇದು ಫೋರ್ತ್ ಎಂಬ ಭಾಷೆಯಲ್ಲಿ ಮಾತಾಡುತ್ತದೆ. ಎರಡು, ಮೂರು, ಕೂಡು, ಚುಕ್ಕಿ ಎಂದು ಈ ಕ್ರಮದಲ್ಲೇ ಬರೆದರೆ ಐದು ಎಂದು ಹೇಳಿ, ಓಕೆ ಅನ್ನುತ್ತದೆ. ಮುಂದಿನ ಹಲವು ಗಂಟೆಗಳಲ್ಲಿ ನಿಮಗೆ ಸಿಗುವ ಒಪ್ಪಿಗೆಯ ಮಾತು ಅದೊಂದೇ, ಆನಂದಿಸಿ. ಯುಎಸ್‌ಬಿ ಕಡ್ಡಿಯಿಂದ ಬೂಟ್ ಮಾಡಲು, ಆಜ್ಞೆಯ ಕೊನೆಗೆ ಕೋಲನ್, ಅಲ್ಪವಿರಾಮ, ಹಿಂದಕ್ಕೆ ವಾಲಿದ ಎರಡು ಗೆರೆ, ಮತ್ತೆ ಕೋಲನ್, ಟಿಬಿಎಕ್ಸ್‌ಐ ಎಂಬ ಸರಮಾಲೆಯನ್ನು ತಪ್ಪಿಲ್ಲದೆ ಟೈಪಿಸಬೇಕು. ಒಂದು ಗೆರೆ ಬಿಟ್ಟರೂ ಬೂಟ್ ಆಗದು.

ಯಾವ ಲಿನಕ್ಸ್? ಡೆಬಿಯನ್ ಈ ಚಿಪ್ಪನ್ನು ಅಧಿಕೃತವಾಗಿ ಹೊತ್ತದ್ದು 2015ರ ಜೆಸ್ಸಿ ಆವೃತ್ತಿಯವರೆಗೆ. 2017ರಲ್ಲಿ ಇಳಿಸಿಬಿಟ್ಟಿತು. ಈಗ ಅದು ಡೆಬಿಯನ್ ಪೋರ್ಟ್ಸ್ ಎಂಬ ಹೊರಚಾವಡಿಯಲ್ಲಿ ಸ್ವಯಂಸೇವಕರ ಕೈಯಲ್ಲಿದೆ. ಅಲ್ಲಿ ಸ್ಥಿರ ಆವೃತ್ತಿ ಇಲ್ಲ, ಅಸ್ಥಿರವೊಂದೇ. ಸಹಿಯ ಕೀಲಿಗಳಿಗೂ ವಾಯಿದೆ ಇರುವುದರಿಂದ, ಹಳೆಯ ಸಿಡಿಯನ್ನು ಹಾಕಿದರೆ ಯಂತ್ರ ಪ್ಯಾಕೇಜುಗಳನ್ನು ನಂಬುವುದಿಲ್ಲ. ಜೆಂಟೂ ಇನ್ನೂ ಕೈಬಿಟ್ಟಿಲ್ಲ. ಆದರೆ ಅದರಲ್ಲಿ ಎಲ್ಲವನ್ನೂ ಮೂಲದಿಂದ ಕಂಪೈಲ್ ಮಾಡಬೇಕಾಗಬಹುದು. ಮಗಳ ಮದುವೆ ನಿಶ್ಚಯವಾಗಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.

ವೈಫೈ. ಬ್ರಾಡ್‌ಕಾಮ್ ಚಿಪ್ಪಿಗೆ ಫರ್ಮ್‌ವೇರ್ ಬೇಕು. ಪರವಾನಗಿಯ ಕಾರಣಕ್ಕೆ ಅದನ್ನು ಡೆಬಿಯನ್ ಜೊತೆಗೆ ಕೊಡುವಂತಿಲ್ಲ, ನೆಟ್‌ನಿಂದಲೇ ಇಳಿಸಿಕೊಳ್ಳಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ತಂತಿ ಸಿಕ್ಕಿಸಿ.

ದೋಷಗಳೂ ಪರಿಹಾರಗಳೂ. ಗ್ರಾಫಿಕ್ಸ್ ನಿಧಾನವೇ? ಈ ಯಂತ್ರದ ರೇಡಿಯಾನ್ 9200ಕ್ಕೆ ಇದ್ದ ಹಳೆಯ 3ಡಿ ಡ್ರೈವರನ್ನು ಮೆಸಾ ಯೋಜನೆ 2021ರ ಕೊನೆಯಲ್ಲಿ ಮುಖ್ಯ ಶಾಖೆಯಿಂದ ತೆಗೆದುಹಾಕಿದೆ. ಪರಿಹಾರ: ತಾಳ್ಮೆ. ಜಾಲತಾಣ ತೆರೆಯುತ್ತಿಲ್ಲವೇ? ಡಿಲ್ಲೋ ಅಥವಾ ನೆಟ್‌ಸರ್ಫ್ ಬಳಸಿ, ಜಾವಾಸ್ಕ್ರಿಪ್ಟನ್ನು ಮರೆತುಬಿಡಿ.

ಫೋಟೋದಲ್ಲಿ ನೆಂಟರೆಲ್ಲ ನೀಲಿಯಾಗಿ ಕಂಡರೆ? ಕೈಮುಗಿಯುವ ಅಗತ್ಯವಿಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಕೈಪಿಡಿಯ ತಿರುಳು ಇದೇ. ದೊಡ್ಡ ಸಂಖ್ಯೆಯೊಂದನ್ನು ಬೈಟುಗಳಾಗಿ ಒಡೆದು ಇಡುವಾಗ ಪವರ್‌ಪಿಸಿ ದೊಡ್ಡ ಭಾಗವನ್ನು ಮೊದಲಿಡುತ್ತದೆ. ಇಂಟೆಲ್ ಚಿಕ್ಕದನ್ನು ಮೊದಲಿಡುತ್ತದೆ. ಪವರ್‌ಪಿಸಿಯದು ನಮ್ಮ ಹೆಸರಿನ ಕ್ರಮ: ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ. ಊರು ಮೊದಲು, ತಂದೆ ಆಮೇಲೆ, ತಾನು ಕೊನೆಗೆ. ಇಂದಿನ ಬಹುಪಾಲು ಪ್ರೋಗ್ರಾಮುಗಳನ್ನು ಬರೆದವರು ಜಗತ್ತೆಲ್ಲ ಇಂಟೆಲ್ ಕ್ರಮದ್ದೇ ಎಂದುಕೊಂಡಿದ್ದಾರೆ. ಅಂಥ ಪ್ರೋಗ್ರಾಮು ಈ ಯಂತ್ರಕ್ಕೆ ಬಂದರೆ, ಪುಟ್ಟಪ್ಪ ಎಂಬ ಊರಿನಲ್ಲಿ ಕುಪ್ಪಳಿ ಎಂಬ ಕವಿ ಬೆಳೆದರು ಎಂದು ಓದಿಕೊಳ್ಳುತ್ತದೆ. ಕೆಂಪಿನ ಜಾಗಕ್ಕೆ ನೀಲಿ, ನೀಲಿಯ ಜಾಗಕ್ಕೆ ಕೆಂಪು ಬರುವುದು ಹೀಗೆ. ತಪ್ಪು ಯಂತ್ರದ್ದಲ್ಲ. ಬರೆದವರು ಯೋಚಿಸದೆ ಬಿಟ್ಟದ್ದು ಇಲ್ಲಿ ಬಣ್ಣ ಸಮೇತ ಬಯಲಾಗುತ್ತದೆ, ಅಷ್ಟೇ. ನನ್ನ ಮಟ್ಟಿಗೆ ಈ ಹಳೆಯ ಪೆಟ್ಟಿಗೆಯ ನಿಜವಾದ ಉಪಯೋಗ ಇದೊಂದೇ, ಮತ್ತು ಅದು ಸಣ್ಣದಲ್ಲ.

ಕನ್ನಡ. ಇಲ್ಲಿ ಮಾತ್ರ ಕೈಪಿಡಿಗೆ ಎಚ್ಚರಿಕೆ ಕೊಡುವ ಕೆಲಸವಿಲ್ಲ. ಆಪಲ್ ತನ್ನ ಮ್ಯಾಕ್‌ನೊಂದಿಗೆ ಕನ್ನಡದ ಅಕ್ಷರಗಳನ್ನು ಕೊಟ್ಟದ್ದು 2011ರ ಲಯನ್ ಆವೃತ್ತಿಯಲ್ಲಿ, ಅದು ಪವರ್‌ಪಿಸಿಯಲ್ಲಿ ಓಡುವುದೇ ಇಲ್ಲ. ಡೆಬಿಯನ್‌ನಲ್ಲಾದರೋ ಒಂದೇ ಪ್ಯಾಕೇಜು ಹಾಕಿಕೊಂಡರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಫಾಂಟುಗಳು ಬರುತ್ತವೆ. ಅದರ ಮೇಲೆ ಕಗಪ ಕೀಲಿಮಣೆಯನ್ನೂ ಹಾಕಿಕೊಳ್ಳಬಹುದು. ಇನ್ನೊಂದು ಸಂಗತಿ: ಓಪನ್‌ಟೈಪ್ ಫಾಂಟಿನ ಕಡತದೊಳಗೆ ಅಂಕಿಗಳನ್ನು ಬರೆದಿಡುವುದು ದೊಡ್ಡದು ಮೊದಲು ಎಂಬ ಕ್ರಮದಲ್ಲೇ. ತಿರುವಿ ಓದಬೇಕಾದದ್ದು ಇಂಟೆಲ್. ಈ ಮುದುಕ ನೇರವಾಗಿ ಓದುತ್ತಾನೆ.

ಖಾತರಿ. ಇಲ್ಲ. ನಿಮ್ಮ ಆಫೀಸಿನ ಮೂಲೆಯಲ್ಲಿ ಇಂಥದ್ದೊಂದು ಬಿದ್ದಿದ್ದರೆ ಗುಜರಿಗೆ ಹೋಗುವ ಮೊದಲು ಕೇಳಿ ಪಡೆಯಿರಿ. ನೀಲಿ ಮುಖ ಕಂಡಾಗ ನಕ್ಕು ಸುಮ್ಮನಾಗದೆ ಆ ಪ್ರೋಗ್ರಾಮು ಬರೆದವರಿಗೆ ದೋಷವರದಿ ಕಳಿಸಿ. ಯಾವ ಯಂತ್ರದಲ್ಲಿ ಕಂಡದ್ದು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಇಲ್ಲದಿದ್ದರೆ ಅವರು ನಂಬುವುದಿಲ್ಲ.