ಪದ್ಮಿನಿಯನ್ನು ತಗ್ಗಿಸುವ ಶಾಸ್ತ್ರ

ಕಾರನ್ನು ತಗ್ಗಿಸುವ ವಿಷಯದಲ್ಲಿ ಮುಂಬೈಯ ದಹಿಸರ್ ಪೂರ್ವದಲ್ಲಿ ಸದ್ಯಕ್ಕೆ ನಾನೊಬ್ಬನೇ ತಜ್ಞ. ಇದು ಜಂಬದ ಮಾತಲ್ಲ. ಪ್ರೀಮಿಯರ್ ಪದ್ಮಿನಿಯನ್ನು ತಗ್ಗಿಸಿಕೊಂಡವನೂ ಇಲ್ಲಿ ನಾನೊಬ್ಬನೇ ಆದ್ದರಿಂದ ಪೈಪೋಟಿ ಏರ್ಪಟ್ಟಿಲ್ಲ, ಅಷ್ಟೆ. ಮುಂದೆ ಯಾರಾದರೂ ಈ ಕ್ಷೇತ್ರಕ್ಕೆ ಬರುವುದಾದರೆ ಉಪಯೋಗಕ್ಕಿರಲಿ ಎಂದು ನನ್ನ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಪದ್ಮಿನಿಯ ಜಾತಕ ಎಲ್ಲರಿಗೂ ಗೊತ್ತಿರುವುದೇ. ಇಟಲಿಯ ಫಿಯೆಟ್ 1100ರ ಸಂತಾನ, ಹುಟ್ಟಿದ್ದು ಮುಂಬೈಯ ಕುರ್ಲಾದಲ್ಲಿ. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರು, ಮುಂದೆ ಸೋಫಾದಂಥ ಒಂದೇ ಸೀಟು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಈ ನಗರವನ್ನು ಹೊತ್ತು ತಿರುಗಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯುಸ್ಸು ಎಂಬ ನಿಯಮದಂತೆ 2023ರ ಅಕ್ಟೋಬರ್ ಮುಗಿಯುವಾಗ ಅದೂ ಬೀದಿಯಿಂದ ಇಳಿಯಿತು. ಅಲ್ಲಿಯವರೆಗೆ ನನ್ನ ಬೆಣ್ಣೆ ಬಣ್ಣದ ಖಾಸಗಿ ಗಾಡಿಗೂ ಕೈ ಅಡ್ಡ ಹಾಕಿ "ಸ್ಟೇಷನ್?" ಎಂದು ಕೇಳುವವರಿದ್ದರು. ಈಗ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಗೌರವ ಹೆಚ್ಚಿದೆ, ಬಾಡಿಗೆ ಕೇಳುವವರಿಲ್ಲ.

ತಗ್ಗಿಸುವ ಪ್ರಾಚೀನ ಪದ್ಧತಿ ನಮ್ಮ ಕರಾವಳಿಯವರಿಗೆ ಹೊಸದೇನಲ್ಲ. ಊರಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದು ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿದ ಕುಟುಂಬವೊಂದನ್ನು ಪದ್ಮಿನಿಯೊಳಗೆ ತುಂಬಬೇಕು. ಏಳು ಜನ, ಅರ್ಧ ಮುಡಿ ಕುಚ್ಚಲಕ್ಕಿ, ಸಿಪ್ಪೆ ಸುಲಿದ ತೆಂಗಿನಕಾಯಿ, ಕ್ಯಾರಿಯರ್ ಮೇಲೆ ಗೋಣಿಯಲ್ಲಿ ಸುತ್ತಿದ ಎರಡು ಹಲಸಿನಹಣ್ಣು. ಹಿಂದಿನ ಕಮಾನು ಪಟ್ಟಿಗಳು ನೆಟ್ಟಗಾಗುತ್ತವೆ, ಹೆಡ್‌ಲೈಟು ನಕ್ಷತ್ರ ನೋಡುತ್ತದೆ. ಈ ಪದ್ಧತಿಯ ದೋಷ ಒಂದೇ. ಮನೆ ಮುಟ್ಟಿ ಸಾಮಾನು ಇಳಿಸಿದ ಕೂಡಲೇ ಗಾಡಿ ಪುನಃ ಎದ್ದು ನಿಲ್ಲುತ್ತದೆ.

ಶಾಶ್ವತ ಪರಿಹಾರ ಸೂಚಿಸಿದವನು ನನ್ನ ಅಳಿಯ, ಅಕ್ಕನ ಮಗ. "ಮಾವ, ನಿಮ್ಮ ಗಾಡಿ ಒಂಟೆ ನಿಂತ ಹಾಗೆ ನಿಂತಿದೆ. ಸ್ವಲ್ಪ ಕೂರಿಸಬೇಕು" ಎಂದು ಮೊಬೈಲಿನಲ್ಲಿ ಇಟಲಿಯ ಒಂದು ಫಿಯೆಟ್ ತೋರಿಸಿದ. ಅದು ರಸ್ತೆಗೆ ಹೊಟ್ಟೆ ತಾಗಿಸಿ ಮಲಗಿದಂತಿತ್ತು. ಮೆಕ್ಯಾನಿಕ್ಕು ನೋಡಿ "ಅಂಕಲ್, ಏಕದಮ್ ಬೈಠಾ ದೂಂಗಾ" ಎಂದ. ಅವನು ಮಾತಿಗೆ ತಪ್ಪಲಿಲ್ಲ.

ಗಾಡಿಯ ಮುಂಭಾಗದ್ದು ಕಾಯಿಲ್ ಸ್ಪ್ರಿಂಗು. ಅದನ್ನು ಕತ್ತರಿಸಬೇಕು. ಗ್ಯಾಸ್ ಬೆಂಕಿಯಲ್ಲಿ ಸುಟ್ಟು ತುಂಡು ಮಾಡಿದರೆ ಉಕ್ಕಿನ ಹದ ಹೋಗುತ್ತದೆ, ಗ್ರೈಂಡರಿನಲ್ಲಿ ಕೊಯ್ಯುವುದೇ ಸರಿ. ಸ್ಪ್ರಿಂಗು ಗಿಡ್ಡವಾದಷ್ಟೂ ಗಡಸಾಗುತ್ತದೆ ಎಂಬುದು ಸಾಮಾನ್ಯರಿಗೆ ತಿಳಿಯದ ಸಂಗತಿ. ಕೆಲಸ ಮಾಡುವ ಸುತ್ತು ಹತ್ತಿದ್ದಲ್ಲಿ ಎರಡನ್ನು ತೆಗೆದರೆ ಬಿಗಿ ಕಾಲುಭಾಗ ಹೆಚ್ಚುತ್ತದೆ. ಹಿಂದಿನ ಕಮಾನು ಪಟ್ಟಿಗಳನ್ನು ಬಿಚ್ಚಿ, ಸುತ್ತಿಗೆಯಲ್ಲಿ ಬಡಿದು ಬಾಗು ಇಳಿಸುತ್ತಾರೆ. ಹೀಗೆ ಸಿದ್ಧವಾದ ಗಾಡಿಯಲ್ಲಿ ಕೂತರೆ ರಸ್ತೆಯ ಬಗ್ಗೆ ಸವಿಸ್ತಾರವಾದ ಮಾಹಿತಿ ಬೆನ್ನುಮೂಳೆಯ ಮೂಲಕ ನೇರವಾಗಿ ಸಿಗುತ್ತದೆ. ಹತ್ತು ರೂಪಾಯಿ ನಾಣ್ಯದ ಮೇಲೆ ಹಾದುಹೋದರೆ ಅದು ಸಿಂಹದ ಕಡೆಯೋ ಅಂಕಿಯ ಕಡೆಯೋ ಎಂದು ನಾನು ಹೇಳಬಲ್ಲೆ.

ತಗ್ಗಿಸುವುದರಿಂದ ಲಾಭವೇನು ಎಂದು ಸೊಸೈಟಿಯ ಸೆಕ್ರೆಟರಿ ಕೇಳಿದರು. ಗಾಡಿಯ ಭಾರದ ಕೇಂದ್ರ ಕೆಳಗಿಳಿದು, ವೇಗದಲ್ಲಿ ತಿರುಗುವಾಗ ಒಂದು ಕಡೆಗೆ ವಾಲುವುದು ಕಡಿಮೆಯಾಗುತ್ತದೆ ಎಂದು ವಿವರಿಸಿದೆ. ಇದನ್ನು ದಹಿಸರ್ ಚೆಕ್‌ನಾಕಾದಲ್ಲಿ ಪರೀಕ್ಷೆಗೂ ಒಡ್ಡಿದೆ. ಸಣ್ಣ ವಾಹನಗಳಿಗೆ ಟೋಲ್ ಮಾಫಿ ಆದದ್ದು 2024ರ ಅಕ್ಟೋಬರಿನಲ್ಲಿ. ವಾಹನಗಳ ಸಾಲಿಗೆ ಈ ಸುದ್ದಿ ತಲುಪಿದಂತಿಲ್ಲ. ನಲವತ್ತು ನಿಮಿಷ ಅಲ್ಲಿ ನಿಂತಿದ್ದಾಗ ಗಾಡಿ ಕೂದಲೆಳೆಯಷ್ಟೂ ವಾಲಲಿಲ್ಲ.

ಇನ್ನು ಉಬ್ಬುಗಳ ವಿಚಾರ. ಇದು ಸ್ವಲ್ಪ ಗಣಿತ ಬೇಡುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ಸ್ಪೀಡ್‌ಬ್ರೇಕರ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, 17 ಮೀಟರ್ ತ್ರಿಜ್ಯದ ವೃತ್ತದ ಒಂದು ಚೂರಿನಂತೆ ನುಣ್ಣಗೆ ಏರಿ ಇಳಿಯಬೇಕು. ಪದ್ಮಿನಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವುದು 2.34 ಮೀಟರ್. ಎಂದರೆ ಅಂಥ ಉಬ್ಬಿನ ನೆತ್ತಿಯಲ್ಲಿ ನಾಲ್ಕೂ ಚಕ್ರ ಉಬ್ಬಿನ ಮೇಲೆಯೇ ಇರುತ್ತವೆ, ಉಬ್ಬು ಗಾಡಿಯ ಹೊಟ್ಟೆಯ ಕಡೆಗೆ ಬರುವುದು ಬರೀ ನಾಲ್ಕು ಸೆಂಟಿಮೀಟರ್. ನನ್ನ ಗಾಡಿಯಡಿಯಲ್ಲಿ ಈಗ ಉಳಿದಿರುವ ಜಾಗ ನಾಲ್ಕು ಇಂಚು, ಹತ್ತು ಸೆಂಟಿಮೀಟರಿಗೆ ಒಂದು ಗೆರೆ ಜಾಸ್ತಿ. ಆರು ಸೆಂಟಿಮೀಟರ್ ಮಿಗತೆ. ಪುಸ್ತಕದಲ್ಲಿ ನಾನು ಆರಾಮವಾಗಿ ದಾಟಿದ್ದೇನೆ.

ನಮ್ಮ ಗಲ್ಲಿಯ ಉಬ್ಬನ್ನು ಕಟ್ಟಿದವರಿಗೆ ಆ ಪುಸ್ತಕ ಸಿಕ್ಕಿರಲಿಲ್ಲ. ಯಾರದೋ ಬಚ್ಚಲುಮನೆ ಕೆಲಸದಲ್ಲಿ ಉಳಿದ ಸಿಮೆಂಟಿನಿಂದ ಒಂದೇ ರಾತ್ರಿಯಲ್ಲಿ ಎದ್ದದ್ದು ಅದು. ಅಗಲ ಒಂದೂವರೆ ಅಡಿ, ಎತ್ತರ ಒಂದು ಗೇಣಿಗೆ ಸ್ವಲ್ಪ ಕಮ್ಮಿ, ಆಕಾರ ಸಮಾಧಿಯದು. ಮೊದಲ ದಿನ ಅದರ ಮೇಲೆ ಗಾಡಿ ತೊಟ್ಟಿಲಿನಂತೆ ತೂಗಿ ನಿಂತಿತು. ಎರಡನೆಯ ದಿನ ಚೇಂಬರ್ ಒಡೆದು ಎಂಜಿನ್ ಆಯಿಲ್ ಪೂರ್ತಿ ಸೋರಿತು. ಅಷ್ಟರಮಟ್ಟಿಗೆ ಗಾಡಿ ಹಗುರವಾದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಒಂದು ಶಿಸ್ತು ರೂಢಿಸಿಕೊಂಡೆವು. ಉಬ್ಬು ಬಂದಲ್ಲೆಲ್ಲ ಮನೆಯವರು ಇಳಿಯುತ್ತಾರೆ, ನಾನು ಓರೆಯಾಗಿ ಒಂದೊಂದೇ ಚಕ್ರ ದಾಟಿಸುತ್ತೇನೆ, ಅವರು ಪುನಃ ಹತ್ತುತ್ತಾರೆ. ಮನೆಯಿಂದ ಸ್ಟೇಷನ್ನಿಗೆ ಒಂಬತ್ತು ಉಬ್ಬು. ಮೂರನೆಯದರ ನಂತರ ಅಕ್ಕ "ನೀನು ಬಾ ಮಾರಾಯ, ನಾವು ಅಲ್ಲಿ ಕಾಯುತ್ತೇವೆ" ಎಂದು ನಡೆದೇ ಹೋದಳು. ನಾನು ತಲುಪುವಷ್ಟರಲ್ಲಿ ಅವರೆಲ್ಲ ಚಾ ಕುಡಿದು ಮುಗಿಸಿದ್ದರು.

ಕಾನೂನಿನ ತೊಡಕೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಕೂಡದು ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮೆಕ್ಯಾನಿಕ್ಕಿನ ವ್ಯಾಖ್ಯಾನ ಬೇರೆ: ಯಾರಾದರೂ ಕೇಳಿದರೆ ವಯಸ್ಸಾಗಿ ತಾನೇ ಕುಸಿಯಿತು ಎನ್ನಿ. ನನ್ನ ಮಂಡಿಯನ್ನು ನೋಡಿದವರು ಇದನ್ನು ನಂಬದಿರಲಾರರು.

ಆದರೆ ಈ ಶಾಸ್ತ್ರದಲ್ಲಿ ನಿಜವಾದ ಸಾಧಕರು ರಸ್ತೆ ಮಾಡುವವರು. ನಾನು ಕಾರನ್ನು ಮೂರು ಇಂಚು ತಗ್ಗಿಸಲು ಎರಡು ದಿನ ತೆಗೆದುಕೊಂಡೆ, ಖರ್ಚೂ ಮಾಡಿದೆ. ಅವರು ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು, ಅದರ ಮೇಲೆ ಸಿಮೆಂಟು ಹಾಕುತ್ತಾ ನಮ್ಮ ನಾಲ್ಕು ಮಹಡಿಯ ಕಟ್ಟಡವನ್ನು, ಒಳಗಿನ ಜನ ಪಾತ್ರೆಪಗಡಿ ಸಮೇತ, ಒಂದು ಸ್ಪ್ರಿಂಗನ್ನೂ ಕತ್ತರಿಸದೆ ಎರಡೂವರೆ ಅಡಿ ತಗ್ಗಿಸಿದ್ದಾರೆ. ಮೊದಲು ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಕಿರಾಣಿ ಅಂಗಡಿಗೆ ಈಗ ಎರಡು ಮೆಟ್ಟಿಲು ಇಳಿಯಬೇಕು. ಜುಲೈ ಬಂದರೆ ನೀರು ಹತ್ತುವುದಿಲ್ಲ, ಇಳಿಯುತ್ತದೆ.

ಗೇಟಿನಿಂದ ರಸ್ತೆಗೆ ಈಗೊಂದು ಕಡಿದಾದ ಇಳಿಜಾರು. ಇಳಿಜಾರು ಎನ್ನುವುದು ಹೊರಗಿನವರ ಮಾತು, ಒಳಗಿನವರಿಗೆ ಅದು ಏರು. ಪದ್ಮಿನಿಯ ಮೂತಿ ಅದಕ್ಕೆ ತಾಗುತ್ತದೆ, ಆದ್ದರಿಂದ ಮೇ ತಿಂಗಳಿಂದ ಅದು ಕಾಂಪೌಂಡಿನೊಳಗೇ ಇದೆ. ವಾಚ್‌ಮನ್ನಿನ ಹೆಂಡತಿ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸುತ್ತಾಳೆ. ಎತ್ತರ ಸರಿಯಾಗಿದೆ, ಬಗ್ಗಬೇಕಾಗಿಲ್ಲ ಎಂದು ಮೆಚ್ಚಿಕೊಂಡಳು.

ಕಳೆದ ಭಾನುವಾರ ಸೊಸೈಟಿಯ ಸಭೆ. ಇಡೀ ಕಟ್ಟಡವನ್ನು ಜಾಕುಗಳ ಮೇಲೆ ನಿಲ್ಲಿಸಿ ಮೂರು ಅಡಿ ಮೇಲಕ್ಕೆ ಎತ್ತಿಕೊಡುವವರಿದ್ದಾರಂತೆ, ಕೊಟೇಶನ್ ಬಂದಿದೆ. ಸೆಕ್ರೆಟರಿ ಕಾಗದವನ್ನು ನನ್ನ ಕಡೆಗೆ ಚಾಚಿ, "ನಿಮಗೆ ಈ ಜಾಕು, ಸ್ಪ್ರಿಂಗಿನ ವಿಷಯವೆಲ್ಲ ಗೊತ್ತಲ್ಲ, ಒಮ್ಮೆ ನೋಡಿಬಿಡಿ" ಎಂದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಎತ್ತುವುದು ಬೇರೆ ವಿಭಾಗ, ನನ್ನದು ತಗ್ಗಿಸುವುದು ಮಾತ್ರ ಎಂದು ತಿಳಿಸಿದೆ.